42ನೇ ಮೆಟ್ಟಿಲು, ಏಳೂವರೆ ನಿಮಿಷ

ನಮ್ಮ ಮನೆ ಮೇಲೆ, ತೋಟ ಕೆಳಗೆ. ಶಿರಸಿ ಕಡೆಯ ಬಹಳಷ್ಟು ಅಡಿಕೆ ಬೆಳೆಗಾರರ ಮನೆ ಇರುವುದೇ ಹಾಗೆ. ತೋಟದಿಂದ ಹತ್ತಿ ಬರಲು ಅಜ್ಜನ ಕಾಲದ ಕಲ್ಲಿನ ಮೆಟ್ಟಿಲುಗಳಿವೆ. ಒಟ್ಟು 71. ಅವನ್ನು ನಾನು ಎಣಿಸಿದ್ದು ಹೋದ ವರ್ಷ, ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯುವ ಹೊತ್ತಿನಲ್ಲಿ. ಅದಕ್ಕೂ ಮೊದಲು ಐವತ್ತು ವರ್ಷ ಹತ್ತಿ ಇಳಿದಿದ್ದರೂ ಎಣಿಸಬೇಕು ಅಂತ ಅನ್ನಿಸಿರಲಿಲ್ಲ.

ಎಣಿಸಿದ್ದಕ್ಕೆ ಕಾರಣ ಇತ್ತು. ಹೆಡಿಗೆ ಹೊತ್ತು ಬರುವಾಗ ನಲವತ್ತನೇ ಮೆಟ್ಟಿಲು ದಾಟುತ್ತಿದ್ದ ಹಾಗೆ ಎದೆಯ ನಡುವೆ ಯಾರೋ ಅಂಗೈ ಇಟ್ಟು ಒತ್ತಿದ ಹಾಗಾಗುತ್ತಿತ್ತು. ನೋವು ಅನ್ನಲು ಬರುವುದಿಲ್ಲ. ಬಿಗಿ. ಅಲ್ಲೇ ನಿಂತರೆ ಎರಡು ನಿಮಿಷದಲ್ಲಿ ಹೋಗುತ್ತಿತ್ತು. ಮಾರನೇ ದಿನ ಮತ್ತೆ ಅಲ್ಲೇ, ಹೆಚ್ಚು ಕಡಿಮೆ 42ನೇ ಮೆಟ್ಟಿಲಿನಲ್ಲೇ ಬರುತ್ತಿತ್ತು. ಗಡಿಯಾರ ಇಟ್ಟುಕೊಂಡು ಬಂದ ಹಾಗೆ.

ಗ್ಯಾಸ್ ಇರಬೇಕು ಅಂದುಕೊಂಡೆ. ನಮ್ಮಲ್ಲಿ ಗಂಟಲಿನಿಂದ ಹೊಕ್ಕುಳಿನ ತನಕ ಏನೇ ಆದರೂ ಅದು ಗ್ಯಾಸೇ. ಜೀರಿಗೆ ಕಷಾಯ ಕುಡಿದೆ, ಓಂಕಾಳು ಅಗಿದೆ, ಮುರುಗಲ ಸಾರು ಕುಡಿದೆ. ಒಂದು ವಾರ ಅವಲಕ್ಕಿಯನ್ನೂ ಬಿಟ್ಟೆ. ಮೆಟ್ಟಿಲು ಮಾತ್ರ ತನ್ನ ಲೆಕ್ಕ ತಪ್ಪಿಸಲಿಲ್ಲ. ಆಮೇಲೆ ನಾನೊಂದು ಉಪಾಯ ಕಲಿತೆ. 42ನೇ ಮೆಟ್ಟಿಲ ಪಕ್ಕದ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದೆ. ಅಲ್ಲಿ ನಿಂತು ಬಳ್ಳಿಗೆ ರೋಗ ಬಂದಿದೆಯಾ ಅಂತ ನೋಡುವವನ ಹಾಗೆ ಎಲೆ ತಿರುವುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ.

ಒಂದು ದಿನ ಹೆಂಡತಿ ಮೇಲಿನಿಂದಲೇ ಕೂಗಿದಳು. "ಆ ಬಳ್ಳಿಗೆ ಎಂತ ಆಗಿದೆ? ದಿನಾ ಅದನ್ನೇ ನೋಡ್ತೀರಲ್ಲ!"

ಶಿರಸಿಯಲ್ಲಿ ನಮ್ಮ ಮನೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಸುಮ್ಮನೆ ಕೂತಾಗ ಈ ಬಿಗಿ ಬಂದಿದೆಯಾ ಅಂತ. ಇಲ್ಲ ಅಂದೆ. ರಾತ್ರಿ ನಿದ್ದೆಯಲ್ಲಿ? ಇಲ್ಲ. ಇತ್ತೀಚೆಗೆ ಜಾಸ್ತಿ ಆಗುತ್ತಿದೆಯಾ, ಮೊದಲಿಗಿಂತ ಬೇಗ ಬರುತ್ತಿದೆಯಾ? ಇಲ್ಲ, ಅದೇ ಮೆಟ್ಟಿಲು. ಅವರಿಗೆ ಸ್ವಲ್ಪ ಸಮಾಧಾನ ಆದ ಹಾಗೆ ಕಂಡಿತು. ಕೂತಲ್ಲೇ ಬರುವ, ದಿನದಿಂದ ದಿನಕ್ಕೆ ಏರುವ ಎದೆನೋವಿದ್ದರೆ ಟ್ರೆಡ್‌ಮಿಲ್ ಹತ್ತಿಸುವುದೇ ಇಲ್ಲವಂತೆ, ಸೀದಾ ಆಸ್ಪತ್ರೆಗೆ ಸೇರಿಸುತ್ತಾರಂತೆ. ಇಸಿಜಿ ತೆಗೆದರು. ಏನೂ ಇರಲಿಲ್ಲ. ನಾನು ಏಳಲು ಹೊರಟೆ. ಅವರು ಕೂರಿ ಅಂದರು.

"ಇದು ನೀವು ಮಲಗಿದಾಗ ತೆಗೆದದ್ದು. ನಿಮಗೆ ಬಿಗಿ ಬರೋದು ಹತ್ತುವಾಗ. ಹತ್ತಿಸಿಯೇ ನೋಡಬೇಕು."

ಇದು ನನಗೆ ಕೂಡಲೇ ಅರ್ಥವಾಯಿತು. ತೋಟಕ್ಕೆ ನೀರು ಬಿಡುವವರಿಗೆ ಅರ್ಥ ಆಗಲೇಬೇಕು. ಪೈಪಿನಲ್ಲಿ ಕಸ ಸಿಕ್ಕಿಕೊಂಡಿದ್ದರೂ ನೀರು ಚಿಮ್ಮುವ ಒಂದು ಜೆಟ್ ಮಾತ್ರ ಬಿಟ್ಟರೆ ಚೆನ್ನಾಗಿಯೇ ತಿರುಗುತ್ತದೆ. ನಾಲ್ಕನ್ನೂ ಒಟ್ಟಿಗೆ ಬಿಟ್ಟಾಗ ಕೊನೆಯದು ನಿಂತುಹೋಗುತ್ತದೆ. ಹೃದಯದ್ದೂ ಅದೇ ಕಥೆ. ನಾವು ಕೂತಿದ್ದಾಗಲೇ ಅದು ತನಗೆ ಬರುವ ರಕ್ತದಿಂದ ಮುಕ್ಕಾಲು ಪಾಲು ಆಮ್ಲಜನಕ ಹೀರಿಕೊಂಡಿರುತ್ತದೆ. ಕೆಲಸ ಜಾಸ್ತಿ ಆದಾಗ ಅದಕ್ಕಿರುವುದು ಒಂದೇ ದಾರಿ, ಇನ್ನಷ್ಟು ರಕ್ತ ತರಿಸಿಕೊಳ್ಳುವುದು. ಒಳ್ಳೆಯ ರಕ್ತನಾಳ ಮೂರ್ನಾಲ್ಕು ಪಟ್ಟು ಹೆಚ್ಚು ಕೊಡುತ್ತದೆ. ನೂರಕ್ಕೆ ಸುಮಾರು 70 ಪಾಲು ಕಟ್ಟಿಕೊಂಡ ನಾಳ ಕೊಡುವುದಿಲ್ಲ. ಮಲಗಿಸಿ ನೋಡಿದರೆ ಅದೂ ಸಭ್ಯಸ್ಥನ ಹಾಗೆಯೇ ಇರುತ್ತದೆ.

ಆಮೇಲೆ ಓದಿ ತಿಳಿದದ್ದು. ವಿಲಿಯಂ ಹೆಬರ್ಡನ್ ಎಂಬ ಲಂಡನ್ನಿನ ವೈದ್ಯ 1772ರಲ್ಲೇ ಆಂಜೈನಾ ಅನ್ನುವ ಈ ಕಾಯಿಲೆಯ ಬಗ್ಗೆ ಬರೆದಿದ್ದ. ನಡೆಯುವಾಗ ಬರುತ್ತದೆ, ಅದರಲ್ಲೂ ಏರು ಹತ್ತುವಾಗ, ಊಟವಾದ ಮೇಲೆ. ನಿಂತ ಕೂಡಲೇ ಹೋಗುತ್ತದೆ. ಇಸಿಜಿ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದೆ ಒಬ್ಬ ಮನುಷ್ಯ ನನ್ನ 42ನೇ ಮೆಟ್ಟಿಲನ್ನು ಕಂಡಿದ್ದ. ನಾನು ಮಾತ್ರ ಓಂಕಾಳು ಅಗಿಯುತ್ತಿದ್ದೆ.

ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಯಂತ್ರದ ಮೇಲೆ ನಡೆಸುತ್ತ ಇಸಿಜಿ ತೆಗೆಯುವ ಟೆಸ್ಟ್, ಎರಡು ಸಲ ಆಯಿತು. ಮೊದಲನೆಯದರ ಕಥೆ ಹೇಳಲೇಬೇಕು, ಏಕೆಂದರೆ ಅದರಲ್ಲಿ ನಾನು ಮೋಸ ಹೋದೆ. ಅರ್ಧ ತಪ್ಪು ನನ್ನದೇ.

ಫೋನ್ ಮಾಡಿ ಹೆಸರು ಬರೆಸಿದಾಗ "ನಾಳೆ ಹತ್ತು ಗಂಟೆಗೆ ಬನ್ನಿ, ತಿಂಡಿ ಜಾಸ್ತಿ ತಿನ್ನಬೇಡಿ" ಅಂದರು. ಅಷ್ಟೇ. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಕೇಳಲಿಲ್ಲ. ಯಾವ ಬಟ್ಟೆ, ಯಾವ ಚಪ್ಪಲಿ ಅನ್ನುವುದೂ ಇಲ್ಲ. ನಾನು ಪಂಚೆ ಉಟ್ಟು, ಹವಾಯಿ ಚಪ್ಪಲಿ ಮೆಟ್ಟಿ ಹೋದೆ. ಬಾಯಲ್ಲಿ ಕವಳ, ಅಂದರೆ ಎಲೆಅಡಿಕೆ ಬೇರೆ, ತಂಬಾಕು ಹಾಕಿದ್ದು. ಬಾಗಿಲಲ್ಲಿ ಉಗುಳಿ ಬಾ ಅಂದರು. ಪಂಚೆಯಲ್ಲಿ ಯಂತ್ರ ಹತ್ತುವ ಹಾಗಿಲ್ಲ ಅಂದರು. ಅಲ್ಲೇ ಇದ್ದ ಯಾರದ್ದೋ ಪೈಜಾಮ ಕೊಟ್ಟರು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದೆ.

ಬೆಳಿಗ್ಗೆ ಬಿಪಿ ಮಾತ್ರೆ ನುಂಗಿದ್ದೆ. ಮೂರು ವರ್ಷದಿಂದ ತೆಗೆದುಕೊಳ್ಳುತ್ತಿದ್ದ ಮೆಟೊಪ್ರೊಲೋಲ್. ಬೀಟಾ ಬ್ಲಾಕರ್ ಜಾತಿಯ ಮಾತ್ರೆ. ಹೃದಯ ಜೋರಾಗಿ ಬಡಿಯದಂತೆ ಹಿಡಿದಿಡುವುದೇ ಅದರ ಕೆಲಸ. ಈ ಟೆಸ್ಟಿನ ಕೆಲಸ ಹೃದಯವನ್ನು ಜೋರಾಗಿ ಬಡಿಯುವಂತೆ ಮಾಡುವುದು. ಒಂದು ಎತ್ತು ಮುಂದೆ ಎಳೆಯುತ್ತದೆ, ಇನ್ನೊಂದು ಹಿಂದೆ. ಯಂತ್ರದ ಮೇಲೆ ಐದು ನಿಮಿಷ ನಲವತ್ತು ಸೆಕೆಂಡ್ ನಡೆದೆ. ಅಂಗಾಲು ಉರಿಯತೊಡಗಿತು. ಸಾಕು ಅಂದೆ. ಅವರೂ ಸಾಕು ಅಂದರು. ನಿಮಿಷಕ್ಕೆ 112 ಬಡಿತ ಇತ್ತು. ರಿಪೋರ್ಟಿನಲ್ಲಿ ನೆಗೆಟಿವ್ ಅಂತ, ಅಂದರೆ ತೊಂದರೆ ಏನೂ ಕಾಣಲಿಲ್ಲ ಅಂತ, ಅಚ್ಚಾಗಿ ಬಂತು. 1,400 ರೂಪಾಯಿ ಕೊಟ್ಟು, ಬರುವಾಗ ಪೇಟೆಯಲ್ಲಿ ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಬಂದೆ.

ಹೆಂಡತಿಗೆ ಜಿಲೇಬಿಯಿಂದ ಸಮಾಧಾನ ಆಗಲಿಲ್ಲ. ರಿಪೋರ್ಟಿನ ಫೋಟೋ ತೆಗೆದು ಕಾರವಾರದಲ್ಲಿ ನರ್ಸಿಂಗ್ ಕೆಲಸ ಮಾಡುವ ಅಳಿಯನಿಗೆ, ಅಂದರೆ ನನ್ನ ತಂಗಿಯ ಮಗನಿಗೆ ಕಳಿಸಿದಳು. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ಮಾವ, ನಿಮಗೆ 56 ಅಲ್ವಾ? 220ರಲ್ಲಿ 56 ಕಳೆದರೆ 164. ಅದರ ನೂರಕ್ಕೆ 85 ಅಂದರೆ 139. ಕನಿಷ್ಠ ಅಷ್ಟಾದರೂ ಬಡಿತ ಏರಬೇಕಿತ್ತು. ನಿಮ್ಮದು 112ಕ್ಕೇ ನಿಂತಿದೆ. ನೂರಕ್ಕೆ 68. ಇದು ನೆಗೆಟಿವ್ ಅಲ್ಲ ಮಾವ. ಟೆಸ್ಟೇ ಆಗಿಲ್ಲ ಅಂತ ಲೆಕ್ಕ."

ಅರ್ಧ ಸಾರು ಕುದಿಸಿ ರುಚಿ ನೋಡಿದ ಹಾಗಾಯಿತು. ಯಾರಾದರೂ ಟಿಎಂಟಿ ರಿಪೋರ್ಟ್ ತಂದು ತೋರಿಸಿದರೆ ಈಗ ನಾನು ಮೊದಲು ನೋಡುವುದು ನೆಗೆಟಿವ್, ಪಾಸಿಟಿವ್ ಅನ್ನುವ ದಪ್ಪ ಅಕ್ಷರವನ್ನಲ್ಲ. ಬಡಿತ ಎಷ್ಟಕ್ಕೆ ಏರಿತು, ಎಷ್ಟು ನಿಮಿಷ ನಡೆದರು, ಯಾಕೆ ನಿಲ್ಲಿಸಿದರು, ಈ ಮೂರು ಸಾಲನ್ನು. ಆ 220ರ ಲೆಕ್ಕವೂ ಅಂದಾಜಿನದೇ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುತ್ತದೆ. ಆದರೆ 112ಕ್ಕೂ 139ಕ್ಕೂ ಇರುವ ಅಂತರ ಆಚೀಚೆ ಅಲ್ಲ.

ಎರಡನೇ ಸಲಕ್ಕೆ ಅಳಿಯನೇ ಕಾರವಾರದಲ್ಲಿ ಏರ್ಪಾಡು ಮಾಡಿದ. ಹಿಂದಿನ ದಿನವೇ ದೇವಿಮನೆ ಘಟ್ಟ ಇಳಿದು ಕುಮಟೆ, ಅಂಕೋಲೆ ದಾಟಿ ತಂಗಿಯ ಮನೆ ಸೇರಿದೆವು. ಈ ಸಲ ತಯಾರಿ ಜೋರಿತ್ತು. ಅಲ್ಲಿನ ಡಾಕ್ಟರು ಮೊದಲೇ ಫೋನಿನಲ್ಲಿ ಮಾತ್ರೆಗಳ ಪಟ್ಟಿ ಕೇಳಿದ್ದರು. ಮೆಟೊಪ್ರೊಲೋಲನ್ನು 48 ಗಂಟೆ ಮೊದಲು ನಿಲ್ಲಿಸಲು ಹೇಳಿದರು. ಬಿಪಿಯದ್ದೇ ಇನ್ನೊಂದು ಮಾತ್ರೆ ಇತ್ತು, ಅದನ್ನು ನಿಲ್ಲಿಸಬೇಡಿ ಅಂದರು. ಇದು ಡಾಕ್ಟರು ಹೇಳದೆ ಮಾಡುವ ಕೆಲಸ ಅಲ್ಲ. ಬೀಟಾ ಬ್ಲಾಕರನ್ನು ತಟ್ಟನೆ ಬಿಟ್ಟರೆ ಕೆಲವರಿಗೆ ಬಿಪಿ, ಎದೆಬಡಿತ ಎರಡೂ ಎಗರುತ್ತವಂತೆ. ನನಗೂ ಆ ಎರಡು ದಿನ ಮೆಟ್ಟಿಲು ಹತ್ತಬೇಡಿ, ಕೂತಲ್ಲಿ ಬಿಗಿ ಬಂದರೆ ಕೂಡಲೇ ಫೋನ್ ಮಾಡಿ ಅಂದಿದ್ದರು.

ಟೆಸ್ಟಿಗೆ ಮೂರು ಗಂಟೆ ಮೊದಲಿನಿಂದ ಊಟ ತಿಂಡಿ ಇಲ್ಲ. ಚಹಾ, ಕಾಫಿ ಇಲ್ಲ. ಕವಳ ಇಲ್ಲ. ಕಷ್ಟವಾದದ್ದು ಕೊನೆಯದೊಂದೇ. ಪ್ಯಾಂಟ್ ನನ್ನದೇ, ಮದುವೆ ಮುಂಜಿಗೆ ಹಾಕುವುದು. ಶೂ ಅಳಿಯನದು. ಒಂದು ನಂಬರ್ ದೊಡ್ಡದು, ಎರಡು ಜೊತೆ ಕಾಲುಚೀಲ ಹಾಕಿ ಸರಿ ಮಾಡಿಕೊಂಡೆ.

ಹಿಂದಿನ ಸಂಜೆ ಟಾಗೋರ್ ಕಡಲತೀರದಲ್ಲಿ ಆ ಶೂ ಹಾಕಿಕೊಂಡು ನಡೆದು ನೋಡಿದೆ. ದಂಡೆಯ ಮೇಲೆ ಮ್ಯೂಸಿಯಂ ಮಾಡಿಟ್ಟ ಚಾಪೆಲ್ ಯುದ್ಧನೌಕೆಯ ತನಕ ಹೋಗಿ ಬಂದೆ. ಏನೂ ಆಗಲಿಲ್ಲ. ಎಷ್ಟು ಆರಾಮಾಗಿತ್ತು ಅಂದರೆ, ಸುಮ್ನೆ ಘಟ್ಟ ಇಳಿದು ಬಂದೆವು ಅನ್ನಿಸಿತು. ತಂಗಿಗೂ ಹೇಳಿದೆ. ಅವಳು "ಇಲ್ಲಿ ಏರು ಎಲ್ಲಿದೆ ಅಣ್ಣ, ಸಮುದ್ರದ ದಂಡೆ ಇದು" ಅಂದಳು.

ಮಾರನೇ ದಿನ. ಟೆಸ್ಟ್ ಮಾಡುವ ಕೋಣೆ ಸಣ್ಣದು. ಒಂದು ಟ್ರೆಡ್‌ಮಿಲ್, ಒಂದು ಕಂಪ್ಯೂಟರ್, ಒಂದು ಮಂಚ. ಮೂಲೆಯಲ್ಲಿ ಕೆಂಪು ಬಣ್ಣದ ತಳ್ಳುಗಾಡಿ. ಅದರ ಮೇಲೆ ಕರೆಂಟ್ ಕೊಟ್ಟು ಹೃದಯ ಎಬ್ಬಿಸುವ ಯಂತ್ರ, ಆಕ್ಸಿಜನ್, ಇಂಜೆಕ್ಷನ್ನುಗಳು. ಅದನ್ನು ನೋಡಿ ಹೆಂಡತಿಯ ಮುಖ ಸಣ್ಣದಾಯಿತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಡಾಕ್ಟರು ಮುಚ್ಚಿಡದೆ ಹೇಳಿದರು. ಈ ಟೆಸ್ಟಿನಿಂದ ಪ್ರಾಣಕ್ಕೆ ಅಪಾಯ ಆಗುವುದು ಹತ್ತು ಸಾವಿರಕ್ಕೆ ಒಬ್ಬರಿಗೆ ಅನ್ನುವಷ್ಟು ಕಡಿಮೆ. ಆದರೆ ಸೊನ್ನೆ ಅಲ್ಲ. ಅದಕ್ಕೇ ಗಾಡಿ, ಅದಕ್ಕೇ ನಾನು ಇಲ್ಲೇ ನಿಲ್ಲುವುದು ಅಂದರು. ಮೊದಲ ಸಲ ಹೋದಲ್ಲಿ ಡಾಕ್ಟರು ಪಕ್ಕದ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಅದು ನೆನಪಾಯಿತು.

ತಂತಿ ಅಂಟಿಸುವ ಹುಡುಗಿ ಕಾರವಾರದವಳೇ. "ಅಂಕಲ್, ಸ್ವಲ್ಪ ಎದೆ ಬೋಳಿಸ್ಬೇಕು" ಅಂದಳು. ಉಪನಯನದ ನಂತರ ಹೀಗೆ ಯಾರ ಎದುರೂ ಕ್ಷೌರಕ್ಕೆ ಕೂತಿರಲಿಲ್ಲ. ಅಲ್ಲಲ್ಲಿ ಬೋಳಿಸಿ, ಸ್ಪಿರಿಟ್ ಹಚ್ಚಿ, ಒರಟು ಕಾಗದದಲ್ಲಿ ಉಜ್ಜಿದಳು. ಉರಿಯಿತು. ಚರ್ಮದ ಮೇಲಿನ ಎಣ್ಣೆ ಹೋಗದಿದ್ದರೆ ಬೆವರು ಬಂದ ಕೂಡಲೇ ಅಂಟು ಬಿಡುತ್ತದಂತೆ. ಒಟ್ಟು ಹತ್ತು ಬಿಲ್ಲೆ. ಮಾಮೂಲಿ ಇಸಿಜಿಯಲ್ಲಿ ಕೈಕಾಲಿಗೆ ಹಾಕುವ ನಾಲ್ಕನ್ನು ಇಲ್ಲಿ ಭುಜದ ಕೆಳಗೆ, ಹೊಟ್ಟೆಯ ಎರಡು ಕಡೆ ಹಾಕುತ್ತಾರೆ. ನಡೆಯುವಾಗ ಕೈಕಾಲು ಆಡುತ್ತವಲ್ಲ. ಸೊಂಟಕ್ಕೆ ಬೆಲ್ಟ್, ಎದೆಗೆ ಬಲೆಯಂಥ ಬನಿಯನ್, ತೋಳಿಗೆ ಬಿಪಿ ಪಟ್ಟಿ. ಯಕ್ಷಗಾನದ ವೇಷ ಕಟ್ಟಿ ಚೌಕಿಯಿಂದ ಹೊರಟವನ ಹಾಗೆ ನಿಂತೆ. ಕಿರೀಟ ಒಂದು ಕಡಿಮೆ.

ಹತ್ತುವ ಮೊದಲು ಡಾಕ್ಟರು ಹೇಳಿದ ಮಾತು ಒಂದು. "ಹೆಗಡೇರೆ, ಇದು ಪರೀಕ್ಷೆ ಅಂತ ಹೆಸರು ಮಾತ್ರ. ಇಲ್ಲಿ ಪಾಸು, ಫೇಲು ಇಲ್ಲ. ಬಿಗಿ ಶುರು ಆದ ಕೂಡಲೇ ಹೇಳಿ. ತಡ್ಕೊಂಡು ಶೂರತ್ವ ತೋರಿಸಬೇಡಿ." ಹೂಂ ಅಂದೆ.

ಕಂಬಿಯನ್ನು ಬಿಗಿಯಾಗಿ ಹಿಡಿಯಬೇಡಿ, ಬೆರಳು ಸುಮ್ನೆ ತಾಗಿಸಿಕೊಂಡಿರಿ ಅಂದರು. ಜೋತುಬಿದ್ದು ನಡೆದರೆ ಮೈಭಾರ ಕೈಗೆ ಹೋಗುತ್ತದೆ, ಹೃದಯಕ್ಕೆ ಕೆಲಸ ಕಡಿಮೆಯಾಗುತ್ತದೆ, ಲೆಕ್ಕ ತಪ್ಪುತ್ತದೆ. ಕಾಲು ನೋಡಬೇಡಿ, ಎದುರು ಗೋಡೆ ನೋಡಿ. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು.

ಮೊದಲ ಮೂರು ನಿಮಿಷ ಗಂಟೆಗೆ 2.7 ಕಿಲೋಮೀಟರ್ ವೇಗ. ಸಂಜೆ ಕೊಟ್ಟಿಗೆಗೆ ಬರುವ ದನ ಇದಕ್ಕಿಂತ ಬೇಗ ಬರುತ್ತವೆ. ಆದರೆ ಏರು ಮೊದಲಿನಿಂದಲೇ ಇದೆ, ನೂರಕ್ಕೆ ಹತ್ತು. ಅಂದರೆ ನೂರು ಅಡಿ ಮುಂದೆ ಹೋದರೆ ಹತ್ತು ಅಡಿ ಮೇಲೆ. ಮೂರು ಮೂರು ನಿಮಿಷಕ್ಕೆ ವೇಗವೂ ಏರುತ್ತದೆ, ಏರೂ ಏರುತ್ತದೆ. ರಾಬರ್ಟ್ ಬ್ರೂಸ್ ಎಂಬ ಅಮೆರಿಕದ ಡಾಕ್ಟರು ಮಾಡಿಟ್ಟ ಕ್ರಮ ಇದು, 1963ರಲ್ಲಿ ಪ್ರಕಟಿಸಿದ್ದು. ಜಗತ್ತಿನ ಬಹಳಷ್ಟು ಕಡೆ ಇವತ್ತಿಗೂ ಹತ್ತಿಸುವುದು ಅದೇ ಲೆಕ್ಕದಲ್ಲಿ. ಆ ಮೂರು ನಿಮಿಷ ನಾನು ಹುಡುಗಿಯ ಹತ್ತಿರ ಅಡಿಕೆ ರೇಟು ಮಾತಾಡಿದೆ.

ಯಂತ್ರ ಗೊರಗೊರ ಅಂದು ಮೂಗು ಎತ್ತಿತು. ಈಗ ವೇಗ 4, ಏರು 12. ಮಾತು ಕಡಿಮೆಯಾಯಿತು. ತೋಳಿನ ಪಟ್ಟಿ ಉಬ್ಬಿ ಹಿಂಡಿತು. ಬಡಿತ 118 ಅಂತ ಯಾರೋ ಹೇಳಿದರು. ಮೊದಲ ಸಲ ನಿಂತದ್ದಕ್ಕಿಂತ ಮುಂದೆ ಬಂದಿದ್ದೆ. ಐದೂವರೆ ನಿಮಿಷ ಆಗಿರಬೇಕು, ಎದೆಯ ನಡುವೆ ಆ ಅಂಗೈ ಬಂದು ಕೂತಿತು. ಮೆತ್ತಗೆ. ಅದೇ ಪರಿಚಯದ ಕೈ.

ಹೇಳಲಿಲ್ಲ.

ಯಾಕೆ ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ. ಹೆಂಡತಿ ಬಾಗಿಲಾಚೆ ಕೂತಿದ್ದಳು. ಬಳ್ಳಿ ನೋಡುವ ಅಭ್ಯಾಸ ಅಷ್ಟು ಬೇಗ ಹೋಗುತ್ತದಾ? ಇಲ್ಲಿ ಬಳ್ಳಿ ಇಲ್ಲ, ಕ್ಯಾಲೆಂಡರ್ ಇದೆ. ಅದನ್ನೇ ನೋಡಿದೆ. ಏಕಾದಶಿ ಯಾವಾಗ ಅಂತ ಹುಡುಕಿದೆ.

ಮೂರನೇ ಹಂತ ನಿಜವಾದ ಏರುಪದ್ಯ, ಯಕ್ಷಗಾನದಲ್ಲಿ ಲಯ ಏರುವ ಪದ್ಯದ ಹಾಗೆ. ವೇಗ 5.5, ಏರು 14. ಕಾಲು ನಡಿಗೆಯೂ ಅಲ್ಲದ, ಓಟವೂ ಅಲ್ಲದ ಒಂದು ಕುಣಿತಕ್ಕೆ ಬಿದ್ದಿತು. ಬೆವರು ಕಣ್ಣಿಗೆ ಇಳಿಯಿತು. ಡಾಕ್ಟರು ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು, "ಎದೆ ಹೇಗಿದೆ?" ಆರಾಮ ಅಂದೆ. ಅವರು ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದರು. ಮತ್ತೆ ಅದೇ ಪ್ರಶ್ನೆ, ಈ ಸಲ ನನ್ನ ಮುಖ ನೋಡಿ. ಆಗ ಏಳು ನಿಮಿಷ ಆಗಿತ್ತು. ಸ್ವಲ್ಪ ಬಿಗಿ ಇದೆ ಅಂದೆ. ಬಡಿತ 142 ಮುಟ್ಟಿದಾಗ, ಏಳೂವರೆ ನಿಮಿಷಕ್ಕೆ ನಿಲ್ಲಿಸಿದರು.

ನಿಲ್ಲಿಸಿದ ಮೇಲೆ ಟೆಸ್ಟ್ ಮುಗಿಯಲಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಮಂಚದ ಮೇಲೆ ಮಲಗಿಸಿ ಇನ್ನೂ ಎಂಟು ನಿಮಿಷ ತಂತಿ ಬಿಚ್ಚಲಿಲ್ಲ. ಕೆಲವರಿಗೆ ಬದಲಾವಣೆ ಕಾಣುವುದೇ ಆಗ. ಬಡಿತ ಎಷ್ಟು ಬೇಗ ಇಳಿಯುತ್ತದೆ ಅನ್ನುವುದನ್ನೂ ನೋಡುತ್ತಾರೆ. ಮೊದಲ ಒಂದು ನಿಮಿಷದಲ್ಲಿ 12ಕ್ಕಿಂತ ಜಾಸ್ತಿ ಇಳಿಯಬೇಕು. ನನ್ನದು 142ರಿಂದ 124ಕ್ಕೆ, ಅಂದರೆ 18 ಇಳಿಯಿತು. ಇದೊಂದು ಒಳ್ಳೆಯ ಸುದ್ದಿ. ಬಿಗಿ ಎರಡು ನಿಮಿಷದಲ್ಲಿ ಹೋಯಿತು, ಮೆಟ್ಟಿಲ ಮೇಲೆ ಹೋಗುವ ಹಾಗೇ.

ಮಲಗಿಕೊಂಡೇ ಡಾಕ್ಟರಿಗೆ ಹೇಳಿದೆ. "ಸರ್, ಬಿಗಿ ಏಳು ನಿಮಿಷಕ್ಕೆ ಶುರು ಆದದ್ದಲ್ಲ. ಐದೂವರೆಗೇ ಬಂದಿತ್ತು."

ಅವರು ನಕ್ಕರು. "ಗೊತ್ತಾಯ್ತು ಮಾರಾಯ್ರೆ. ನಿಮ್ಮ ಗೆರೆ ನಿಮಗಿಂತ ಮೊದಲೇ ಹೇಳಿತು." ರಿಪೋರ್ಟಿನಲ್ಲಿ ಆ ಸಮಯ ತಿದ್ದಿ ಬರೆದರು. ಯಾವ ಹೊತ್ತಿಗೆ ಬಿಗಿ ಬಂತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬೇಗ ಬಂದಷ್ಟೂ ತೂಕ ಜಾಸ್ತಿ.

ಆ ಗೆರೆ ತೋರಿಸಿದರು. ಇಸಿಜಿಯಲ್ಲಿ ಚೂಪಾದ ಶಿಖರ ಇಳಿದ ಮೇಲೆ, ಮುಂದಿನ ಗುಡ್ಡಕ್ಕೆ ಹತ್ತುವ ಮೊದಲು ಒಂದು ಸಣ್ಣ ಬಯಲು ಇರುತ್ತದೆ. ಅದನ್ನು ಎಸ್‌ಟಿ ಅನ್ನುತ್ತಾರೆ. ಆ ಬಯಲು ತನ್ನ ಮಟ್ಟದಿಂದ ಒಂದು ಮಿಲಿಮೀಟರ್ ಅಥವಾ ಹೆಚ್ಚು ಕುಸಿದು, ಚಪ್ಪಟೆಯಾಗಿ ಇಲ್ಲವೇ ಇನ್ನೂ ಕೆಳಮುಖವಾಗಿ ಹೋದರೆ ಹೃದಯದ ಸ್ನಾಯುವಿಗೆ ರಕ್ತ ಸಾಲುತ್ತಿಲ್ಲ ಅಂತ ಅನುಮಾನ. ಕುಸಿದರೂ ಬೇಗ ಮೇಲಕ್ಕೆ ಓಡಿದರೆ ಅಷ್ಟು ಲೆಕ್ಕಕ್ಕಿಲ್ಲ. ನನ್ನದು ಒಂದೂವರೆ ಮಿಲಿಮೀಟರ್ ಕುಸಿದಿತ್ತು, ಚಪ್ಪಟೆಯಾಗಿ. ಸುಧಾರಿಸಿಕೊಳ್ಳುವ ಐದನೇ ನಿಮಿಷದಲ್ಲಿ ಮೊದಲಿನ ಮಟ್ಟಕ್ಕೆ ಬಂದಿತ್ತು. ಮಳೆಗಾಲದಲ್ಲಿ ಧರೆ ಸ್ವಲ್ಪ ಜಗ್ಗಿದ ಹಾಗೆ ಕಾಣುತ್ತಿತ್ತು ಅದು. ಒಂದೂವರೆ ಮಿಲಿಮೀಟರಿಗೆ ಇಷ್ಟೆಲ್ಲ ಗಲಾಟೆಯಾ ಅನ್ನಿಸಿತು.

ಕಾಗದದ ಹಿಂದೆ ಅವರು ಒಂದು ಲೆಕ್ಕ ಮಾಡಿದರು. ಸೊಸೈಟಿಯ ಲೆಕ್ಕ ಬರೆದು ಅಭ್ಯಾಸ ಇರುವ ನನಗೆ ಇದು ಇಷ್ಟವಾಯಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮಾಡಿದ ಸೂತ್ರವಂತೆ. ನಡೆದ ನಿಮಿಷ ಬರೆಯಿರಿ, ಏಳೂವರೆ. ಎಸ್‌ಟಿ ಕುಸಿದದ್ದರ ಐದು ಪಟ್ಟು ಕಳೆಯಿರಿ, ಅದೂ ಏಳೂವರೆ. ಉಳಿದದ್ದು ಸೊನ್ನೆ. ಎದೆಬಿಗಿ ಬರದಿದ್ದರೆ ಸೊನ್ನೆ ಅಂಕ, ಬಂದರೆ ಒಂದು, ಅದರಿಂದಲೇ ಟೆಸ್ಟ್ ನಿಲ್ಲಿಸಬೇಕಾಗಿ ಬಂದರೆ ಎರಡು. ನನಗೆ ಒಂದು. ಅದರ ನಾಲ್ಕು ಪಟ್ಟು ಕಳೆಯಿರಿ. ಉತ್ತರ ಸೊನ್ನೆಗಿಂತ ನಾಲ್ಕು ಕೆಳಗೆ. ಐದು ಅಥವಾ ಹೆಚ್ಚು ಬಂದರೆ ಅಪಾಯ ಕಡಿಮೆ. ಸೊನ್ನೆಗಿಂತ ಹನ್ನೊಂದು ಕೆಳಗೆ ಇಳಿದರೆ ಜಾಸ್ತಿ. ನಾನು ನಡುವಿನ ಗುಂಪು.

"ಅಂದರೆ ಬ್ಲಾಕ್ ಇದೆ ಅಂತಲಾ?" ಹೆಂಡತಿ ಕೇಳಿದಳು.

"ಇರುವ ಸಾಧ್ಯತೆ ಜಾಸ್ತಿ ಅಂತ. ಈ ಟೆಸ್ಟ್ ಬ್ಲಾಕನ್ನು ಕಣ್ಣಲ್ಲಿ ನೋಡೋದಿಲ್ಲ ಅಕ್ಕ. ರಕ್ತ ಸಾಲದೆ ಹೋದಾಗ ಹೃದಯ ಮಾಡುವ ಸದ್ದು ಕೇಳುತ್ತೆ ಅಷ್ಟೇ."

ಮನೆಗೆ ಬಂದ ಮೇಲೆ ಊರಲ್ಲಿ ಸುದ್ದಿಯಾಯಿತು, ಪಾಸಿಟಿವ್ ಅಂತ. ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯೇ ನಿಂತು, "ಇನ್ನೂ ಇದೆಯಾ ಅದು? ಮಾಸ್ಕ್ ಹಾಕ್ಕೊ ಮಾರಾಯ" ಅಂದರು. ಇನ್ನೊಬ್ಬರು ಪಾಸಿಟಿವ್ ಅಂದರೆ ಒಳ್ಳೇದೇ ಅಲ್ವಾ ಅಂದರು. ಯಾರಿಗೂ ಉತ್ತರ ಹೇಳಲು ಹೋಗಲಿಲ್ಲ.

ಆದರೆ ಪಾಸಿಟಿವ್ ಅನ್ನುವುದು ತೀರ್ಪಲ್ಲ ಅಂತ ನಮ್ಮ ಮನೆಯಲ್ಲಿ ಮೊದಲೇ ಗೊತ್ತಿರಬೇಕಿತ್ತು. ಹೆಂಡತಿಯ ಅಕ್ಕ ಕುಮಟೆಯಲ್ಲಿದ್ದಾರೆ. ಮೂರು ವರ್ಷದ ಹಿಂದೆ ಅವರಿಗೂ ಟಿಎಂಟಿ ಪಾಸಿಟಿವ್ ಬಂದಿತ್ತು. ಮನೆಯವರೆಲ್ಲ ಅತ್ತು, ದೇವರಿಗೆ ಹರಕೆ ಹೊತ್ತು, ಮಂಗಳೂರಿಗೆ ಹೋಗಿ ರಕ್ತನಾಳಗಳ ಚಿತ್ರ ತೆಗೆಯುವ ಸಿಟಿ ಆಂಜಿಯೋಗ್ರಾಂ ಮಾಡಿಸಿದರೆ ರಕ್ತನಾಳಗಳು ತೊಳೆದಿಟ್ಟ ಹಾಗಿದ್ದವು. ಹೆಂಗಸರಲ್ಲಿ ಹೀಗೆ ಸುಳ್ಳು ಪಾಸಿಟಿವ್ ಬರುವುದು ಗಂಡಸರಿಗಿಂತ ಜಾಸ್ತಿ. ತದ್ವಿರುದ್ಧವೂ ಆಗುತ್ತದೆ. ನಮ್ಮ ತಾಳಮದ್ದಳೆ ಬಳಗದ ಒಬ್ಬರು ಟಿಎಂಟಿಯಲ್ಲಿ ಹತ್ತು ನಿಮಿಷ ನಡೆದು ನೆಗೆಟಿವ್ ತಂದು ಬೀಗಿದ್ದರು. ಎರಡೇ ತಿಂಗಳಲ್ಲಿ ಹಾರ್ಟ್ ಅಟ್ಯಾಕ್ ಆಯಿತು. ಪುಣ್ಯಕ್ಕೆ ಉಳಿದರು. ಅರ್ಧವೂ ಕಟ್ಟಿರದ ನಾಳದೊಳಗಿನ ಕೊಬ್ಬಿನ ಗಂಟು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಅಟ್ಯಾಕ್ ಆಗುತ್ತದೆ. ಅಂಥ ಗಂಟು ನಡೆಯುವಾಗ ರಕ್ತಕ್ಕೆ ಅಡ್ಡಿ ಮಾಡಿರುವುದಿಲ್ಲ, ಹಾಗಾಗಿ ಟಿಎಂಟಿಗೆ ಸಿಗುವುದಿಲ್ಲ. ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ಮಾಡಿದ ಲೆಕ್ಕ ಹೀಗಿದೆ: ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 68 ಜನರನ್ನು ಇದು ಹಿಡಿಯುತ್ತದೆ, ಇಲ್ಲದ ನೂರು ಜನರಲ್ಲಿ ಸುಮಾರು 77 ಜನರನ್ನು ಕಾಯಿಲೆ ಇಲ್ಲ ಅಂತ ಸರಿಯಾಗಿ ಬಿಟ್ಟುಬಿಡುತ್ತದೆ. ಅಡಿಕೆಯ ರಾಶಿ ಆರಿಸುವಾಗ ಇಷ್ಟು ತಪ್ಪು ಮಾಡಿದರೆ ಯಾರೂ ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಆದರೂ ಮೈಗೆ ಸೂಜಿ ಚುಚ್ಚದೆ, ಸಾವಿರದ ಚಿಲ್ಲರೆಗೆ ಇಷ್ಟು ಹೇಳುವ ಟೆಸ್ಟ್ ಇನ್ನೊಂದು ಹತ್ತಿರದಲ್ಲಿಲ್ಲ.

ನನ್ನ ಲೆಕ್ಕ ಬೇರೆ ಇತ್ತು. ಗಂಡಸು, 56, ಬಿಪಿ, ಮೂವತ್ತು ವರ್ಷದ ತಂಬಾಕಿನ ಕವಳ, ಅದರ ಮೇಲೆ ಹೆಬರ್ಡನ್ ಬರೆದಿಟ್ಟ ಹಾಗೇ ಬರುವ ಬಿಗಿ. ಯಂತ್ರ ಹತ್ತುವ ಮೊದಲೇ ಅರ್ಧ ಉತ್ತರ ಸಿಕ್ಕಿತ್ತು ಅಂತ ಡಾಕ್ಟರು ಹೇಳಿದ್ದು ಅದಕ್ಕೇ. ಟೆಸ್ಟಿನಿಂದ ಗೊತ್ತಾಗಬೇಕಿದ್ದದ್ದು ಎಷ್ಟು ಅವಸರ ಅನ್ನುವುದು.

ಆಂಜಿಯೋಗ್ರಾಂಗೆ ಹುಬ್ಬಳ್ಳಿಗೆ ಹೋದೆವು, ಶಿರಸಿಯಿಂದ ಸುಮಾರು 100 ಕಿಲೋಮೀಟರ್. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಜಿಲ್ಲೆಯ ಜನ ಜೋರಾಗಿ ದನಿ ಎತ್ತಿದ್ದರು. ನಾನೂ ಆಗ ಮೊಬೈಲಿನಲ್ಲಿ ಆ ಬಗ್ಗೆ ಬಂದ ಪೋಸ್ಟನ್ನು ನಾಲ್ಕು ಜನಕ್ಕೆ ಕಳಿಸಿದ್ದೆ. ನನಗೇ ಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ. ಹುಬ್ಬಳ್ಳಿಯ ವಿಷಯ ಹೆಚ್ಚು ಹೇಳಲು ಇಲ್ಲ. ಮಣಿಕಟ್ಟಿನಿಂದ ತೆಳು ಕೊಳವೆ ಹಾಕಿದರು, ಇಪ್ಪತ್ತು ನಿಮಿಷವೂ ಆಗಲಿಲ್ಲ. ಎಡಗಡೆಯ ಒಂದು ಕವಲಿನಲ್ಲಿ 70ರಿಂದ 75 ಪಾಲು ಕಟ್ಟಿದೆ. ಮುಖ್ಯ ಕಾಂಡಕ್ಕೆ ಏನೂ ಆಗಿಲ್ಲ.

ಕಟ್ಟಿದ ನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡೇ ಬರುತ್ತೇವೆ ಅಂದುಕೊಂಡಿದ್ದೆವು. ಅವರು ಅವಸರ ಮಾಡಲಿಲ್ಲ. ಮುಖ್ಯ ಕಾಂಡ ಚೆನ್ನಾಗಿದ್ದು, ಬಿಗಿ ಸ್ಥಿರವಾಗಿದ್ದರೆ ಮೊದಲು ಮಾತ್ರೆಯಲ್ಲೇ ನೋಡಬಹುದು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅನ್ನುವ ದೊಡ್ಡ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದ್ದಾರೆ, ಇಂಥವರಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ ಅಂದರು. ಎದೆಬಿಗಿ ಜಾಸ್ತಿ ಇದ್ದವರಿಗೆ ಆರಾಮ ಮಾತ್ರ ಹೆಚ್ಚು ಸಿಕ್ಕಿತ್ತು. ಮಾತ್ರೆಗೂ ಜಗ್ಗದಿದ್ದರೆ ಸ್ಟೆಂಟ್ ಇದ್ದೇ ಇದೆ. ಆಸ್ಪಿರಿನ್, ಕೊಬ್ಬಿಳಿಸುವ ಸ್ಟ್ಯಾಟಿನ್, ಡೋಸ್ ಹೆಚ್ಚಿಸಿದ ಅದೇ ಮೆಟೊಪ್ರೊಲೋಲ್. ಬಿಗಿ ಬಂದರೆ ನಾಲಿಗೆ ಕೆಳಗೆ ಇಡುವ ಪುಟ್ಟ ಮಾತ್ರೆ ಕಿಸೆಯಲ್ಲಿ. ಅದನ್ನು ಕೂತುಕೊಂಡೇ ಇಡಬೇಕು, ಬಿಪಿ ಇಳಿದು ತಲೆ ತಿರುಗುತ್ತದೆ. ತಂಬಾಕು ಬಿಡಬೇಕು. ಕವಳದ ಸಂಚಿ ಈಗ ಹೆಂಡತಿಯ ಪೆಟ್ಟಿಗೆಯಲ್ಲಿದೆ, ಬೀಗ ಹಾಕಿ.

ಎಂಟು ತಿಂಗಳಾಯಿತು. ಈ ಸಲದ ಕೊಯ್ಲಿಗೆ ಹೆಡಿಗೆ ಹೊರಲು, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಮಗ ಬಂದಿದ್ದಾನೆ. ನಾನು ಬರಿಗೈಯಲ್ಲಿ ಹತ್ತುತ್ತೇನೆ. ಹೆಚ್ಚಿನ ದಿನ 71 ಮೆಟ್ಟಿಲೂ ಒಂದೇ ಉಸಿರಿಗೆ ಆಗುತ್ತದೆ. ಉಂಡ ಕೂಡಲೇ ಹತ್ತಿದರೆ ಐವತ್ತೆಂಟು, ಅರವತ್ತರ ಹತ್ತಿರ ಅಂಗೈ ಬರುತ್ತದೆ. ಅಲ್ಲಿ ಬಳ್ಳಿ ಇಲ್ಲ, ಒಂದು ಕಲ್ಲು ಹಾಕಿಸಿದ್ದೇನೆ. ಕೂತುಕೊಂಡು, "ಬಂತೇ, 58ಕ್ಕೆ" ಅಂತ ಮೇಲಕ್ಕೆ ಕೂಗುತ್ತೇನೆ. ಅವಳು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತಾಳೆ.

ಮುಂದಿನ ಟಿಎಂಟಿ ಮಾರ್ಚಿನಲ್ಲಿ. ಈ ಸಲ ಮಾತ್ರೆ ನುಂಗಿಯೇ ಬನ್ನಿ ಅಂದಿದ್ದಾರೆ ಕಾರವಾರದ ಡಾಕ್ಟರು. ಕಾಯಿಲೆ ಇದೆಯಾ ಅಂತ ಹುಡುಕುವುದು ಮುಗಿದಿದೆ, ಮಾತ್ರೆ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡಬೇಕಂತೆ. ಅಳಿಯ ಎರಡು ಸಲ ಫೋನ್ ಮಾಡಿ ಶೂ ವಾಪಸ್ ಕೇಳಿದ. ಮಾರ್ಚ್ ಆಗಲಿ ಅಂದಿದ್ದೇನೆ.